ಅಗ್ಗದ ಬಾಡಿಗೆಯೂ ಮಕ್ಕಳ ತರಗತಿಯೂ
ಬೆಂಗಳೂರಿನ ಬಾಡಿಗೆಯನ್ನು ತಾಳಲಾರದೆ, ಅತ್ತಿಬೆಲೆ ದಾಟಿ ಹೊಸೂರು, ತಳಿ, ಡೆಂಕಣಿಕೋಟೆಗಳ ಆಸುಪಾಸಿನ ಹಳ್ಳಿಗಳಲ್ಲಿ ನೆಲೆಸಲು ಯೋಚಿಸುವ ಕನ್ನಡ ಕುಟುಂಬಗಳು ಮೊದಲು ವಿಚಾರಿಸುವುದು ಮನೆ, ನಿವೇಶನಗಳ ಬೆಲೆಯನ್ನು. ಪಡಿತರ ಚೀಟಿ ತಮಿಳುನಾಡಿನದಾದರೆ ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿ ನಿಲ್ಲುತ್ತದೆ. ಅದು ಸಣ್ಣ ಲೆಕ್ಕ. ದೊಡ್ಡದು ಶಾಲೆಯ ಲೆಕ್ಕ.

ತಮಿಳುನಾಡಿನಲ್ಲಿ 2006ರ ಕಾಯ್ದೆಯಂತೆ ಹತ್ತನೆಯ ತರಗತಿಯವರೆಗೆ ತಮಿಳು ಕಲಿಕೆ ಕಡ್ಡಾಯ. 2023ರ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಮಿಳು ಪತ್ರಿಕೆಯಿಂದ ವಿನಾಯಿತಿ ದೊರೆತದ್ದು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ. ಅದೂ ಆ ಒಂದು ವರ್ಷಕ್ಕೆ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಇದು ಹೊರೆಯಲ್ಲ. ನಮ್ಮ ಕಡೆಯ ಮಕ್ಕಳು ಕನ್ನಡ, ತಮಿಳು, ತೆಲುಗುಗಳನ್ನು ಬೀದಿಯಲ್ಲಿಯೇ ಕಲಿಯುತ್ತಾರೆ. ಆದರೆ ಎಂಟನೆಯ ತರಗತಿಗೆ ಬಂದವನು ಎರಡು ಮೂರು ವರ್ಷಗಳಲ್ಲಿ ಹೊಸ ಲಿಪಿಯನ್ನು ಕಲಿತು ಪರೀಕ್ಷೆಗೆ ಕೂರಬೇಕು.

ಮುಂದೆ ಕರ್ನಾಟಕದ ಸಿಇಟಿ ಸೀಟಿಗೂ ಸಾಮಾನ್ಯವಾಗಿ ಏಳು ವರ್ಷ ಅಲ್ಲಿಯೇ ಓದಿರಬೇಕು. ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆಯಾದರೂ ಅದಕ್ಕೆ ಕನ್ನಡ ಓದುಬರಹ ಬೇಕು. ಬಾಡಿಗೆ ಉಳಿಸಲು ಬಂದು, ಆ ಹಣವನ್ನೇ ಆಂಗ್ಲ ಮಾಧ್ಯಮದ ಶುಲ್ಕಕ್ಕೆ ಸುರಿಯುವವರ ಮಕ್ಕಳಿಗೆ ಅದೂ ಕಷ್ಟ.

ಪ್ರೌಢಶಾಲೆಯ ಮಕ್ಕಳಿರುವವರು ಹತ್ತನೆಯ ತರಗತಿ ಮುಗಿಯುವವರೆಗೆ ಕಾಯುವುದು ಲೇಸು. ಎಳೆಯ ಮಕ್ಕಳಿರುವವರು ಧಾರಾಳವಾಗಿ ಬರಲಿ. ಮುಂಗಡ ಕೊಡುವ ಮುನ್ನ ಊರಿನ ಕನ್ನಡ ಶಾಲೆಗೆ ಹೋಗಿ, ಕನ್ನಡ ಶಿಕ್ಷಕರ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಲಿ.