40–15ರಲ್ಲಿ ಆಡುವುದು

2019ರ ವಿಂಬಲ್ಡನ್ ಫೈನಲ್‌ನಲ್ಲಿ ರೋಜರ್ ಫೆಡರರ್ ಗೆದ್ದ ಪಾಯಿಂಟುಗಳು 218, ನೊವಾಕ್ ಜೊಕೊವಿಚ್ ಗೆದ್ದವು 204. ಕಪ್ ಹೋದದ್ದು ಜೊಕೊವಿಚ್ ಕೈಗೆ. ಐದನೇ ಸೆಟ್ಟಿನಲ್ಲಿ 8–7, 40–15, ಸರ್ವ್ ಫೆಡರರ್‌ನದು. ಇನ್ನೊಂದು ಪಾಯಿಂಟ್ ಸಾಕಿತ್ತು, ಅದು ಬರಲೇ ಇಲ್ಲ. ಇಂಥ ಪಂದ್ಯ ಮುಗಿದಾಗಲೆಲ್ಲ ಕೇಳುವ ಮಾತೊಂದಿದೆ: ದೊಡ್ಡ ಆಟಗಾರ ಬಿಕ್ಕಟ್ಟಿನ ಹೊತ್ತಿಗೆ ತನ್ನ ಆಟವನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತಾನೆ. ಕೇಳಲು ಚೆಂದ. ಆದರೆ ಅವತ್ತು ಮೂರೂ ಟೈಬ್ರೇಕ್ ಗೆದ್ದ ಜೊಕೊವಿಚ್ ಆ ಮೂರರಲ್ಲೂ ತಾನಾಗಿ ಒಂದು ತಪ್ಪನ್ನೂ ಮಾಡಿರಲಿಲ್ಲ. ಅವನು ಎಲ್ಲಿಗೂ ಏರಲಿಲ್ಲ, ಇದ್ದಲ್ಲೇ ಇದ್ದ. ಇಳಿದವನು ಎದುರಿನವನು.

ಇದು ನನ್ನೊಬ್ಬನ ಊಹೆಯಲ್ಲ. ಫ್ರಾಂಕ್ ಕ್ಲಾಸೆನ್, ಯಾನ್ ಮ್ಯಾಗ್ನಸ್ ಎಂಬ ಇಬ್ಬರು ಡಚ್ ವಿದ್ವಾಂಸರು 1992ರಿಂದ 1995ರವರೆಗಿನ ವಿಂಬಲ್ಡನ್‌ನ ಸುಮಾರು 90,000 ಪಾಯಿಂಟುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಹಿಂದಿನ ಪಾಯಿಂಟಿನ ಫಲ ಮುಂದಿನದಕ್ಕೆ ತಗಲುತ್ತದೆಯೇ, ಮಹತ್ವದ ಪಾಯಿಂಟಿನಲ್ಲಿ ಆಟ ಬದಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಎರಡಕ್ಕೂ ಸಿಕ್ಕ ಉತ್ತರ ಹೌದು, ಆದರೆ ಸ್ವಲ್ಪವೇ. ಮುಖ್ಯವಾದದ್ದು ಅದರ ಮುಂದಿನ ಮಾತು. ಆಟಗಾರ ದುರ್ಬಲನಾದಷ್ಟೂ ಈ ಪರಿಣಾಮ ಹೆಚ್ಚು, ಬಲಶಾಲಿಯಾದಷ್ಟೂ ಕಡಿಮೆ. ಬಲಶಾಲಿಗೆ ಮೊದಲ ಗೇಮಿನ 15–0 ಮತ್ತು ಕೊನೆಯ ಗೇಮಿನ 30–40 ಹೆಚ್ಚುಕಡಿಮೆ ಒಂದೇ ಥರದ ಪಾಯಿಂಟುಗಳು.

ಹಾಗಾದರೆ ಬಲಶಾಲಿಗೂ ದುರ್ಬಲನಿಗೂ ಹೊಡೆತದಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ. 2023ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಧಾರವಾಡದಲ್ಲಿ ಐಟಿಎಫ್ ಪುರುಷರ ಟೂರ್ನಿ ನಡೆಯಿತು. ಅಂಥ ಟೂರ್ನಿಗೆ ಬರುವವರು ರ‍್ಯಾಂಕಿಂಗ್‌ನಲ್ಲಿ ನೂರಾರು ಸ್ಥಾನ ಹಿಂದಿರುವವರು, ಹಲವರಿಗೆ ವಿಮಾನದ ಖರ್ಚು ಹುಟ್ಟುವುದೇ ಕಷ್ಟ. ಆದರೂ ಅವರ ಫೋರ್‌ಹ್ಯಾಂಡನ್ನು ಬೇಲಿಯ ಪಕ್ಕ ನಿಂತು ನೋಡಿದವನಿಗೆ, ಟಿವಿಯಲ್ಲಿ ಬರುವವರಿಗಿಂತ ಇವರು ಎಲ್ಲಿ ಕಡಿಮೆ ಎಂದು ತಿಳಿಯುವುದಿಲ್ಲ.

ತಿಳಿಸುವುದು ಲೆಕ್ಕ. 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದ ಫೆಡರರ್, ಆಡಿದ ಪಾಯಿಂಟುಗಳಲ್ಲಿ ಗೆದ್ದದ್ದು ಶೇ 54 ಮಾತ್ರ. 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಹುಡುಗರ ಮುಂದೆ ಅವನೇ ಇದನ್ನು ಹೇಳಿದ. ಟೆನಿಸ್‌ನ ಸ್ಕೋರು ಒಂದು ವಿಚಿತ್ರ ಯಂತ್ರ. ಪ್ರತಿ ಪಾಯಿಂಟಿನಲ್ಲೂ ಶೇ 55 ಅವಕಾಶ ಇರುವವನಿಗೆ ಗೇಮ್ ಗೆಲ್ಲುವ ಅವಕಾಶ ಶೇ 62 ಆಗುತ್ತದೆ, ಸೆಟ್ಟಿಗೆ ಬಂದರೆ 80ರ ಆಸುಪಾಸು, ಐದು ಸೆಟ್ಟಿನ ಪಂದ್ಯಕ್ಕೆ 95ರ ಹತ್ತಿರ. ಕೂದಲೆಳೆಯ ಮೇಲುಗೈ ಅಲ್ಲಿ ಬೆಟ್ಟವಾಗುತ್ತದೆ. ಆದರೆ ಆ ಕೂದಲೆಳೆ ಐದು ತಾಸೂ ಹರಿಯದೆ ಉಳಿಯಬೇಕು. ಸ್ಟಾನ್ ವಾವ್ರಿಂಕಾ ತನ್ನ ದಿನದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, 2015ರ ಫ್ರೆಂಚ್ ಮತ್ತು 2016ರ ಅಮೆರಿಕನ್ ಫೈನಲ್‌ಗಳಲ್ಲಿ ಜೊಕೊವಿಚ್‌ನನ್ನೇ ಸೋಲಿಸಿದ. ಅವನ ಗ್ರ್ಯಾನ್‌ಸ್ಲಾಮ್ 3, ಜೊಕೊವಿಚ್‌ನವು 24. ಉಳಿದ 21 ಇರುವುದು ಒಳ್ಳೆಯ ದಿನಗಳಲ್ಲಲ್ಲ, ಸಾಧಾರಣ ದಿನಗಳಲ್ಲಿ.

ದೀಪಾವಳಿ ಮುಗಿದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೋರಿ ಹಬ್ಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಯಲ್ಲಿ ಈಜಿಸಿ, ಹೊಲದಲ್ಲಿ ಓಡಿಸಿ ತಯಾರು ಮಾಡಿದ ಹೋರಿ, ಎರಡೂ ಕಡೆ ಜನ ಕೂಗುತ್ತ ಕೊರಳಿಗೆ ಕಟ್ಟಿದ ಕೊಬ್ಬರಿ ಹರಿಯಲು ಮೈಮೇಲೆ ಬೀಳುವಾಗಲೂ ಹೊಲದಲ್ಲಿ ಓಡಿದ ಹಾಗೆಯೇ ಓಡಿದರೆ ಅದು ಹೆಸರು ಮಾಡುತ್ತದೆ. ಗದ್ದಲಕ್ಕೆ ಒಮ್ಮೆ ದಾರಿ ಬಿಟ್ಟಿತೋ, ಕೊರಳ ಕೊಬ್ಬರಿ ಯಾರದೋ ಕೈಯಲ್ಲಿ.

ಇಲ್ಲೊಂದು ಆಕ್ಷೇಪ ಬರುತ್ತದೆ. ಸ್ಥಿರತೆ ಎಂದರೆ ಶಾಂತ ಸ್ವಭಾವ ಎಂದಾದರೆ, ಜೊಕೊವಿಚ್ ರ‍್ಯಾಕೆಟ್ ಮುರಿದದ್ದು ಏನು? ಅರಚಿದ್ದು ಏನು? ನಿಜ, ಅವನು ಋಷಿಯಲ್ಲ. ಸಿಟ್ಟು, ಸಂಶಯ ತನಗೂ ಬರುತ್ತವೆ, ಅದರೊಳಗೆ ಎಷ್ಟು ಹೊತ್ತು ಇರುತ್ತೇವೆ ಎಂಬುದೇ ಮುಖ್ಯ, ಅದು ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು ಎಂಬ ಅರ್ಥದಲ್ಲಿ ಅವನೇ ಮಾತಾಡಿದ್ದಾನೆ. ಸಿಟ್ಟು ಆ ಪಾಯಿಂಟಿನದು, ಮುಂದಿನ ಸರ್ವ್ ಬರುವಷ್ಟರಲ್ಲಿ ಕಾಲು ತನ್ನ ಜಾಗಕ್ಕೆ ಬಂದಿರುತ್ತದೆ. 2022ರ ಆಸ್ಟ್ರೇಲಿಯನ್ ಫೈನಲ್‌ನಲ್ಲಿ ಮೆಡ್ವೆಡೆವ್ ಎದುರು ಎರಡು ಸೆಟ್ ಕಳೆದುಕೊಂಡು, ಮೂರನೆಯದರಲ್ಲಿ 2–3, 0–40 ಇದ್ದಾಗ ನಡಾಲ್ ಕೂಡ ಪವಾಡವನ್ನೇನೂ ಮಾಡಲಿಲ್ಲ. ಒಂದೊಂದೇ ಪಾಯಿಂಟ್ ಆಡಿದ, ಅಷ್ಟೆ.

ಅಭ್ಯಾಸದಿಂದ ಬಂದದ್ದು ಎನ್ನುವಾಗ ದುಡ್ಡಿನ ಮಾತನ್ನು ಮರೆಯುವುದು ಮೋಸ. ಕೋರ್ಟು, ಚೆಂಡು, ಕೋಚ್, ವರ್ಷಗಟ್ಟಲೆ ಪ್ರಯಾಣ ಇವಿಲ್ಲದೆ ಆ ಅಭ್ಯಾಸ ಹುಟ್ಟುವುದಿಲ್ಲ. ಕಾಗಿನೆಲೆಯ ಹುಡುಗನಲ್ಲಿ ಆ ಗಟ್ಟಿತನ ಇದೆಯೋ ಇಲ್ಲವೋ ಎಂದು ನೋಡುವ ಸಂದರ್ಭವೇ ಬರುವುದಿಲ್ಲ. ನಮ್ಮ ರಾಜ್ಯದಿಂದ ಎದ್ದ ರೋಹನ್ ಬೋಪಣ್ಣ ಕೊಡಗಿನ ಕಾಫಿ ಬೆಳೆಗಾರರ ಮಗ. ಅಷ್ಟಿದ್ದೂ ಅವರು ಕಾದದ್ದು ಕಡಿಮೆಯಲ್ಲ. 2003ರಲ್ಲಿ ವೃತ್ತಿಗೆ ಇಳಿದವರು, 2010ರಲ್ಲಿ ಕುರೇಷಿ ಜೊತೆ ಅಮೆರಿಕನ್ ಓಪನ್ ಡಬಲ್ಸ್ ಫೈನಲ್ ಸೋತರು, 2023ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಅಲ್ಲೇ ಮತ್ತೆ ಸೋತರು. ಮೊಣಕಾಲಿನ ಮೃದ್ವಸ್ಥಿ ಸವೆದು ಹೋಗಿತ್ತು, ಅಯ್ಯಂಗಾರ್ ಯೋಗ ಹಿಡಿದರು. 2024ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಎಬ್ಡೆನ್ ಜೊತೆ ಮತ್ತೊಂದು ಫೈನಲ್. ಮೊದಲ ಸೆಟ್ ಟೈಬ್ರೇಕ್‌ಗೆ ಹೋಯಿತು. ಬೋಪಣ್ಣ ಜೋಡಿ ಅದನ್ನು 7–0ರಿಂದ ಗೆದ್ದಿತು, ಎರಡನೇ ಸೆಟ್ 7–5. ಆಗ ಅವರಿಗೆ 43 ವರ್ಷ.