ಆಟದ ರಾತ್ರಿಯಿಂದ ಹಿಂದಕ್ಕೆ ಎಣಿಸುವುದು

ಸುಗ್ಗಿಯು ಮುಗಿದು ಕಣಗಳು ಬರಿದಾಗುತ್ತಲೇ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಜಾತ್ರೆಗಳ ಕಾಲವು ಒದಗುವುದು. ಜಾತ್ರೆಯೆಂದ ಮೇಲೆ ಊರ ತರುಣರ ನಾಟಕವೊಂದು ಇರತಕ್ಕುದೆ. ಈ ತಿಂಗಳು ಆ ನಾಟಕದ ವಿಷಯವಾಗಿ ಎರಡು ಮಾತು ಬರೆಯಲೆಳಸಿರುವೆವು. ಅದರ ಗುಣದೋಷಗಳನ್ನು ಕುರಿತಲ್ಲ, ಸಕಾಲದಲ್ಲಿ ಅದನ್ನು ಅಣಿಗೊಳಿಸುವ ಕ್ರಮವನ್ನು ಕುರಿತು. ಬಣ್ಣ ಹಚ್ಚುವ ಮಗನೋ ತಮ್ಮನೋ ನಮ್ಮ ಅನೇಕ ವಾಚಕರ ಮನೆಗಳಲ್ಲಿರುವನಾದುದರಿಂದ ಇದು ಗೃಹಕೃತ್ಯಕ್ಕೆ ಹೊರತಾದ ವಿಷಯವಲ್ಲ.

ಕೆಲವು ವರ್ಷಗಳ ಹಿಂದೆ ಬಂಧುಗಳ ಕರೆಯ ಮೇರೆಗೆ ಹೊನ್ನಾಳಿ ಕಡೆಯ ಒಂದು ಗ್ರಾಮಕ್ಕೆ ನಾವು ಹೋಗಿದ್ದೆವು. ರಾತ್ರಿ 9 ಘಂಟೆಗೆ ಆಟವೆಂದು ಕರಪತ್ರದಲ್ಲಿ ಅಚ್ಚಾಗಿದ್ದಿತು. ಸೀನರಿಯ ಲಾರಿಯು ಬಂದುದು 8ಕ್ಕೆ. ಪರದೆಗಳನ್ನು ಕಟ್ಟಿ ಮುಗಿಸುವಷ್ಟರಲ್ಲಿ 11 ಹೊಡೆಯಿತು. ಆ ಬಳಿಕ ಸನ್ಮಾನ, ಹಾರ, ಭಾಷಣ. ನಾಂದಿಯ ಹಾಡು ಮೊದಲಾದಾಗ ಮಕ್ಕಳೆಲ್ಲರೂ ಚಾಪೆಗಳ ಮೇಲೆ ನಿದ್ರೆಹೋಗಿದ್ದರು. ನಮ್ಮ ಬಂಧುಗಳ ಮಗನಿಗೆ ಕಡೆಯ ಅಂಕದಲ್ಲಿ ಮಾತ್ರ ಪಾತ್ರವಿದ್ದಿತು. ಮೂರು ತಿಂಗಳ ಕಾಲ ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ಅವನು ತನ್ನ ಮಾತುಗಳನ್ನು ಬಾಯಿಪಾಠ ಮಾಡಿದ್ದನು. ಬೆಳಕು ಹರಿಯಿತು, ಜನರು ಚಾಪೆ ಸುತ್ತಿಕೊಂಡು ಎದ್ದರು, ಮೇಷ್ಟರು ಎರಡು ದೃಶ್ಯಗಳನ್ನು ಬಿಟ್ಟು ಮಂಗಳ ಹಾಡಿಸಿದರು. ಹುಡುಗನು ಹಚ್ಚಿದ ಬಣ್ಣದೊಡನೆಯೇ ಮನೆಗೆ ಬಂದು, ತಾಯಿಯು ಕೊಟ್ಟ ಕೊಬ್ಬರಿ ಎಣ್ಣೆಯಿಂದ ಮುಖವನ್ನು ಒರೆಸಿಕೊಳ್ಳುತ್ತ ಮಾತಿಲ್ಲದೆ ಕುಳಿತುಬಿಟ್ಟನು.

ಊರವರು ಲಾರಿಯವನನ್ನು ಬಯ್ದರು. ನಮ್ಮ ಅಭಿಪ್ರಾಯದಲ್ಲಿ ತಪ್ಪು ಅವನದಲ್ಲ. ‘ಇನ್ನೂ ಮೂರು ತಿಂಗಳುಂಟು’ ಎಂದು ಮುಂದಕ್ಕೆ ಎಣಿಸಿದವರದು. ಮಗಳ ಮದುವೆ ಮಾಡಿದ ಗೃಹಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧಾರೆಯ ಮುಹೂರ್ತವು ಕದಲದೆಂದು ತಿಳಿದು, ಅಲ್ಲಿಂದ ಹಿಂದಕ್ಕೆ ಚಪ್ಪರ, ಅಡುಗೆಯವರು, ಲಗ್ನಪತ್ರಿಕೆ, ಜವಳಿ ಎಂದು ಎಣಿಸುತ್ತ ಬರುವರಲ್ಲವೆ? ಮದುವೆಯಲ್ಲಿ ಇಷ್ಟು ಎಚ್ಚರವಾಗಿರುವ ಹಿರಿಯರೇ ನಾಟಕದಲ್ಲಿ ಮೈಮರೆಯುವುದು ನಮಗೆ ಸೋಜಿಗವಾಗಿ ತೋರುವುದು.

ಮೊದಲು ದಿವಸದ ಮಾತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಯು ಪ್ರತಿವರ್ಷವೂ ಫೆಬ್ರವರಿ 15ರ ಸುಮಾರಿಗೆ ನಡೆಯುವುದು. ಅದರ ತಾರೀಖು ಕ್ಯಾಲೆಂಡರಿನಲ್ಲಿ ನಿಂತಿದೆ. 1950ರಲ್ಲಿ ಜಗಳೂರಿನಲ್ಲಿ ಮೊದಲಾಗಿ, ಊರಿಂದೂರಿಗೆ ಸಾಗುತ್ತ ಬಂದಿರುವ ತರಳಬಾಳು ಹುಣ್ಣಿಮೆಯಾದರೋ ಚಂದ್ರನನ್ನು ಹಿಂಬಾಲಿಸುವುದು. ಮಾಘದ ಹುಣ್ಣಿಮೆಯು 2018ರಲ್ಲಿ ಜನವರಿ 31ಕ್ಕೂ 2025ರಲ್ಲಿ ಫೆಬ್ರವರಿ 12ಕ್ಕೂ ಬಂದಿತು. ಗ್ರಾಮದ ತೇರುಗಳೂ ಬಹುಮಟ್ಟಿಗೆ ತಿಥಿಯನ್ನೇ ನಂಬಿದವು. ಹನ್ನೆರಡು ದಿವಸಗಳ ಈ ಹೊಯ್ದಾಟವು ಅಲ್ಪವೆಂದು ತಿಳಿಯಕೂಡದು. ಚನ್ನಗಿರಿಯ ತೋಟಗಳಲ್ಲಿ ಅಡಿಕೆಯ ಕೊಯಿಲು ವರ್ಷದ ಕೊನೆಯವರೆಗೂ ಇರುವುದು. ಭದ್ರಾ ನಾಲೆಯ ಬಯಲಿನಲ್ಲಿ ಬೇಸಗೆ ಬೆಳೆಗೆ ಜನವರಿಯಲ್ಲಿ ನೀರು ಬಂದಿತೆಂದರೆ ಪಾತ್ರಧಾರಿಗಳೆಲ್ಲರೂ ನಾಟಿಗೆ ಇಳಿಯುವರು. ಮಾಘದಲ್ಲಿ ಆಟವಾಡುವವರು ಕಾರ್ತಿಕದಲ್ಲಿಯೇ ತಾಲೀಮು ಹಿಡಿಯತಕ್ಕುದು. ಮೆಕ್ಕೆಜೋಳವನ್ನು ಅಷ್ಟು ಹೊತ್ತಿಗೆ ಮನೆಗೆ ತಂದಿರುವ ಜಗಳೂರಿನವರಿಗೆ ಮಾತ್ರ ತುಸು ಬಿಡುವುಂಟು.

ಇನ್ನು ಆಟದ ರಾತ್ರಿ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವು ಕೂಡದು. ಉತ್ಸವಗಳಿಗಾಗಿ ಸರಕಾರವು ವರ್ಷದಲ್ಲಿ ಒಟ್ಟು 15 ದಿವಸಗಳಿಗೆ ಮೀರದಂತೆ ನಡುರಾತ್ರಿ 12ರ ವರೆಗೆ ಸಡಿಲಿಸಬಹುದು. ಪೋಲೀಸಿನವರು ಕಂಡೂ ಕಾಣದಂತಿರುವರೆಂಬ ಭರವಸೆಯ ಮೇಲೆ ಬೆಳಗಿನವರೆಗೆ ಎಳೆಯುವುದು ನಮಗೆ ಸಮ್ಮತವಲ್ಲ. ಇರುಳೆಲ್ಲ ನಡೆಯುವ ಬಯಲಾಟದ ಸೊಗಸನ್ನು ಅರಿಯದೆ ಹೇಳುತ್ತಿಲ್ಲ. ಮಗ್ಗುಲ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೂ ಇರುವಳಷ್ಟೆ. ಆದಕಾರಣ ಅನುಮತಿಯ ಕಾಗದದಲ್ಲಿ 12 ಎಂದಿದ್ದರೆ ಅಲ್ಲಿಂದಲೇ ಲೆಕ್ಕ ಹಿಡಿಯಬೇಕು. ನಾಟಕಕ್ಕೆ 4 ಘಂಟೆಯೆಂದರೆ ಪರದೆಯು 8ಕ್ಕೆ ಏಳಬೇಕು. ಬಣ್ಣದವನು ಒಬ್ಬನೇ ಇದ್ದು, ಒಂದು ಮುಖಕ್ಕೆ ಕಾಲು ಘಂಟೆಯನ್ನೇ ಹಿಡಿದರೂ 20 ಮಂದಿಗೆ 5 ಘಂಟೆಗಳು ಬೇಕು. ಮಧ್ಯಾಹ್ನ ಎರಡೂವರೆಗೆ ಮೊದಲ ಮುಖವು ಅವನೆದುರಿಗೆ ಇರತಕ್ಕುದು. ಸೀನರಿಯೂ ದೀಪಗಳೂ ಹಿಂದಿನ ದಿವಸವೇ ನಿಲ್ಲಬೇಕು. ಒಂದು ದಿವಸದ ಹೆಚ್ಚಿನ ಬಾಡಿಗೆಯನ್ನು ಉಳಿಸಹೋಗಿ ಆಟವನ್ನೇ ಕಳೆದುಕೊಂಡವರನ್ನು ಕಂಡಿರುವೆವು. ವಿದ್ಯುತ್ತಿನ ತಾತ್ಕಾಲಿಕ ಸಂಪರ್ಕಕ್ಕೆ ವಾರ ಮುಂಚೆ ಅರ್ಜಿ ಕೊಟ್ಟಿರುವುದು ಲೇಸು.

ಎಲ್ಲಕ್ಕಿಂತ ಮೊದಲು ಗೊತ್ತುಮಾಡತಕ್ಕವರು ಸ್ತ್ರೀಪಾತ್ರದವರು. ಜಾತ್ರೆಯ ಕಾಲದಲ್ಲಿ ಆ ವೃತ್ತಿಯ ಹೆಂಗಸರು ಇಂದು ಒಂದೂರು, ನಾಳೆ ಮತ್ತೊಂದೂರು ಎಂದು ತಿರುಗುತ್ತಿರುವರು. ಆಟದ ಸಂಜೆ ಬಂದಿಳಿದವಳೊಡನೆ ನಾಯಕನು ಮೊದಲ ಬಾರಿಗೆ ಮಾತನಾಡುವುದು ರಂಗದ ಮೇಲೆಯೇ! ಮುಂಗಡದೊಡನೆ ಇನ್ನೊಂದು ದಿವಸದ ಸಂಭಾವನೆಯನ್ನೂ ಕೊಟ್ಟು, ಎಂಟು ದಿವಸ ಮುಂಚೆ ಪೆಟ್ಟಿಗೆ, ತಬಲಾ, ಉಡುಗೆಗಳ ಸಮೇತ ಒಂದು ಪೂರ್ಣ ತಾಲೀಮನ್ನು ಗಡಿಯಾರವಿಟ್ಟುಕೊಂಡು ನಡೆಸಿದರೆ, ಎಷ್ಟು ಹಾಡುಗಳನ್ನು ಕಡಿಯಬೇಕೆಂಬುದು ಅಂದೇ ತಿಳಿದುಹೋಗುವುದು. ಆ ಹೆಂಗಸರಿಗೆ ಬಾಗಿಲಿರುವ ಪ್ರತ್ಯೇಕ ಕೊಠಡಿ, ಹೊತ್ತಿಗೆ ಊಟ, ಮರಳಲು ವಾಹನ ಇವುಗಳನ್ನೂ ಲೆಕ್ಕದ ಪುಸ್ತಕದಲ್ಲಿಯೇ ಬರೆಯಬೇಕೆಂದು ನಮ್ಮ ವಾಚಕಿಯರ ಪರವಾಗಿ ಹೇಳುವೆವು.

ಇದೆಲ್ಲವೂ ಹಳ್ಳಿಗೆ ಅಸಾಧ್ಯವೆನ್ನುವವರುಂಟು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೂ ಹಳ್ಳಿಯೇ. ಅಲ್ಲಿಯ ಶಿವಸಂಚಾರವು 1997ರಿಂದ ನಾಟಕಗಳನ್ನು ಸಿದ್ಧಗೊಳಿಸಿಕೊಂಡು ನಾಡಿನಲ್ಲಿ ತಿರುಗುತ್ತ ಬಂದಿದೆ. ರಂಗವನ್ನು ಕಟ್ಟಿ, ಆಡಿ, ಬಿಚ್ಚಿ ಮುಂದಿನ ಊರಿಗೆ ಸಾಗುವವರಿಗೆ ತಡಮಾಡುವ ಅವಕಾಶವಾದರೂ ಎಲ್ಲಿಯದು?

ಸನ್ಮಾನದ ವಿಷಯದಲ್ಲಿ ನಮ್ಮ ಮಾತು ಯಾರಿಗೂ ರುಚಿಸದೆಂದು ಬಲ್ಲೆವು. ವಂತಿಗೆ ಕೊಟ್ಟವರಿಗೆ ಹಾರ ಹಾಕದಿರಲಾಗದು, ಹಾರ ಹಾಕಿಸಿಕೊಂಡವರು ಮಾತನಾಡದಿರಲಾರರು. ಮೇಲೆ ಹೇಳಿದ ಗ್ರಾಮದವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡರು. ಮರುವರ್ಷ ನಮಗೆ ಬಂದ ಕರಪತ್ರದಲ್ಲಿ ಸನ್ಮಾನವು ಮರುದಿನ ಬೆಳಿಗ್ಗೆ ದೇವಸ್ಥಾನದ ಮುಂದೆ, ಉಪಾಹಾರದೊಡನೆ ಎಂದಿದ್ದಿತು. ಪಾತ್ರಧಾರಿಗಳ ಪಟ್ಟಿಯಲ್ಲಿ ನಮ್ಮ ಹುಡುಗನ ಹೆಸರನ್ನು ಹುಡುಕಿದೆವು. ಈ ಸಾರಿ ಅವನನ್ನು ಮೊದಲನೆಯ ಅಂಕಕ್ಕೇ ಹಾಕಿದ್ದರು.