ಪಿನಿಯನ್‌ಗೆ ಎಷ್ಟು ಬಿಗಿ ಬೇಕು?

ಲಾರಿಯ ಹಿಂಬದಿಯಲ್ಲಿ ಬಗ್ಗಿ ನೋಡಿದರೆ ಎರಡು ಬದಿಯ ಚಕ್ರಗಳ ನಡುವೆ ಕೊಡದ ಹೊಟ್ಟೆಯಂತೆ ಉಬ್ಬಿದ ಭಾಗವೊಂದು ಕಾಣುತ್ತದೆ. ಡಿಫರೆನ್ಷಿಯಲ್ ಇರುವುದು ಅಲ್ಲಿಯೇ. ಎಂಜಿನ್ನಿನಿಂದ ಬರುವ ಶಕ್ತಿ ಪಿನಿಯನ್ ಎಂಬ ಚಿಕ್ಕ ಗೇರಿನಿಂದ ಕ್ರೌನ್ ಎಂಬ ದೊಡ್ಡ ಗೇರಿಗೆ ದಾಟಿ, ಅಲ್ಲಿಂದ ಚಕ್ರಗಳನ್ನು ಸೇರುತ್ತದೆ. ಹೊರೆ ತುಂಬಿದ ಲಾರಿ ಶಿರಾಡಿ ಘಾಟಿಯನ್ನು ಏರುವಾಗ ಇಡೀ ಎಳೆತ ಬೀಳುವುದು ಈ ಎರಡು ಗೇರುಗಳ ಕೆಲವೇ ಹಲ್ಲುಗಳ ಮೇಲೆ.

ಪಿನಿಯನ್ ಅಲುಗದಂತೆ ಅದನ್ನು ಎರಡು ಟೇಪರ್ ರೋಲರ್ ಬೇರಿಂಗುಗಳು ಹಿಡಿದಿರುತ್ತವೆ. ಇವುಗಳೊಳಗೆ ಗುಂಡುಗಳ ಬದಲು ಒಂದು ತುದಿ ತುಸು ಸಣ್ಣಗಿರುವ ಉರುಳೆಗಳಿವೆ. ಅಮೆರಿಕದಲ್ಲಿ ಕುದುರೆಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಬೇರಿಂಗಿಗೇ. ಮೇಲಿನಿಂದ ಬೀಳುವ ಭಾರವನ್ನೂ ಪಕ್ಕದಿಂದ ಬರುವ ತಳ್ಳಾಟವನ್ನೂ ಇದು ಒಟ್ಟಿಗೇ ತಾಳಿಕೊಳ್ಳುತ್ತದೆ.

ಡಿಫರೆನ್ಷಿಯಲ್ ಬಿಚ್ಚಿ ಮತ್ತೆ ಜೋಡಿಸುವಾಗ ಈ ಬೇರಿಂಗುಗಳಲ್ಲಿ ಸ್ವಲ್ಪವೂ ಸಡಿಲ ಉಳಿಯಬಾರದು. ಸಡಿಲ ಹೋದರಷ್ಟೇ ಸಾಲದು, ಅದರ ಮೇಲೆ ಇನ್ನೂ ತುಸು ಬಿಗಿಸಬೇಕು. ಉಕ್ಕು ಕೂಡ ಒತ್ತಿದಾಗ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಹೊರೆ ಬೀಳುವ ಮೊದಲೇ ಕೊಡುವ ಈ ಬಿಗಿಗೆ ಪ್ರೀಲೋಡ್ ಎನ್ನುತ್ತಾರೆ. ಅದು ಕಡಿಮೆಯಾದರೆ ಎಳೆತಕ್ಕೆ ಪಿನಿಯನ್ ಪಕ್ಕಕ್ಕೆ ಸರಿಯುತ್ತದೆ, ಹಲ್ಲುಗಳು ಅಂಚಿನಲ್ಲಷ್ಟೇ ತಾಗುತ್ತವೆ. ಮೊದಲು ಊಳಿಡುವ ಸದ್ದು, ಆಮೇಲೆ ಮುರಿದ ಹಲ್ಲು. ಬಿಗಿ ಹೆಚ್ಚಾದರೆ ಬೇರಿಂಗ್ ಕಾಯುತ್ತದೆ, ಎಣ್ಣೆಯ ಪದರ ಹರಿಯುತ್ತದೆ, ಉಕ್ಕಿನ ಮೈ ಚಕ್ಕೆಯೇಳುತ್ತದೆ.

ಹಾಗಾದರೆ ಸರಿಯಾದ ಬಿಗಿ ಎಷ್ಟು? ನಟ್ಟನ್ನು ನೂರಾರು ನ್ಯೂಟನ್ ಮೀಟರ್ ಬಲದಿಂದ ಬಿಗಿಸಬೇಕಾಗುತ್ತದೆ. ಆದರೆ ಆ ಅಂಕಿ ಪ್ರೀಲೋಡ್ ಅಲ್ಲ. ಬಿಗಿಸಿದ ಮೇಲೆ ಬೇರಿಂಗ್ ಎಷ್ಟು ಬಲಕ್ಕೆ ತಿರುಗುತ್ತದೆ ಎಂಬುದೇ ಅಳತೆ. ಮೆರಿಟರ್ ಕಂಪೆನಿಯ ಹಲವು ಆ್ಯಕ್ಸಲ್‌ಗಳಲ್ಲಿ ಹೊಸ ಬೇರಿಂಗಿಗೆ ಇದು ಸುಮಾರು 0.6ರಿಂದ 5 ನ್ಯೂಟನ್ ಮೀಟರ್ ಇರಬೇಕು. ಒಮ್ಮೆ ಓಡಿದ, ಸುಸ್ಥಿತಿಯ ಬೇರಿಂಗಿಗೆ 1.1ರಿಂದ 3.4. ಬೇರೆ ಆ್ಯಕ್ಸಲ್‌ಗೆ ಬೇರೆ ಅಂಕಿ ಇರುವುದರಿಂದ ಆಯಾ ಕೈಪಿಡಿಯನ್ನೇ ನೋಡಬೇಕು.

ಅಳೆಯುವ ಸಾಧನ ಶಾಲೆಯ ಪ್ರಯೋಗಾಲಯದಲ್ಲೇ ಇರುವ ಸ್ಪ್ರಿಂಗ್ ತಕ್ಕಡಿ. ಬೇರಿಂಗುಗಳಿಗೆ ಎಣ್ಣೆ ಸವರಿ, ಅವು ಸರಿಯಾಗಿ ಕೂರುವಂತೆ ಕೆಲವು ಸುತ್ತು ತಿರುಗಿಸಬೇಕು. ಪಿನಿಯನ್ ಅನ್ನು ಅಲುಗದಂತೆ ಹಿಡಿದು, ಬೇರಿಂಗುಗಳು ಕುಳಿತಿರುವ ಹೊರಗವಚಕ್ಕೆ ದಾರ ಸುತ್ತಿ ತಕ್ಕಡಿಯಿಂದ ನಿಧಾನವಾಗಿ ಎಳೆಯಬೇಕು. ಕವಚದ ವ್ಯಾಸ 15 ಸೆಂ.ಮೀ. ಇದ್ದರೆ ತ್ರಿಜ್ಯ 0.075 ಮೀಟರ್. ತಕ್ಕಡಿ 20 ನ್ಯೂಟನ್, ಅಂದರೆ ಸುಮಾರು 2 ಕಿಲೋ, ತೋರಿಸಿದರೆ ಗುಣಲಬ್ಧ 1.5 ನ್ಯೂಟನ್ ಮೀಟರ್. ಬಲವನ್ನು ದೂರದಿಂದ ಗುಣಿಸುವ ಪಾಠವೇ ಇದು!

ಇಲ್ಲೊಂದು ಎಚ್ಚರ ಬೇಕು. ಕವಚ ಕದಲುವ ಕ್ಷಣದ ಅಂಕಿಯನ್ನು ಬರೆದುಕೊಳ್ಳಬಾರದು. ನಿಂತ ವಸ್ತುವನ್ನು ಕದಲಿಸಲು ಹೆಚ್ಚು ಬಲ ಬೇಕು. ಆದ್ದರಿಂದ ಒಂದೇ ಸಮನೆ ತಿರುಗುತ್ತಿರುವಾಗಿನ ಅಂಕಿಯೇ ಸರಿ. ಆಯಿಲ್ ಸೀಲ್ ಕೂಡ ತಿರುಗುವಿಕೆಯನ್ನು ತಡೆಯುವುದರಿಂದ ಅದನ್ನು ಕೂರಿಸುವ ಮೊದಲೇ ಅಳೆಯಬೇಕು.

ಅಂಕಿ ಹೊಂದದಿದ್ದರೆ ನಟ್ಟನ್ನು ಸಡಿಲಿಸಿ ಸರಿಪಡಿಸುವಂತಿಲ್ಲ. ಎರಡು ಬೇರಿಂಗುಗಳ ನಡುವೆ ಸ್ಪೇಸರ್ ಎಂಬ ಉಕ್ಕಿನ ಬಳೆ ಇರುತ್ತದೆ. ಬಿಗಿ ಸಾಲದಿದ್ದರೆ ತೆಳುವಾದ ಬಳೆ, ಹೆಚ್ಚಾದರೆ ದಪ್ಪ ಬಳೆ ಹಾಕಬೇಕು. ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಮೈಕ್ರೋಮೀಟರ್ ಇಲ್ಲದೆ ಅದು ಗೊತ್ತಾಗದು. ಮತ್ತೆ ಬಿಚ್ಚಬೇಕು, ಜೋಡಿಸಬೇಕು, ಅಳೆಯಬೇಕು. ಬೇಸರದ ಈ ಕೆಲಸವನ್ನು ತಪ್ಪಿಸಲು "ಕೈಗೆ ಸಾಕೆನಿಸಿತು" ಎಂದು ಮುಗಿಸಿಬಿಟ್ಟರೆ ಆ ದಿನ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಸಾವಿರಾರು ಕಿಲೋಮೀಟರ್ ಆಚೆ, ನಡುರಾತ್ರಿಯ ಹೆದ್ದಾರಿಯಲ್ಲಿ ಲಾರಿ ನಿಂತಾಗ. ಅದನ್ನು ಅನುಭವಿಸುವವನು ಚಾಲಕ.

ಓದು ಹತ್ತದ ಹುಡುಗ ಗ್ಯಾರೇಜ್ ಸೇರಲಿ ಎನ್ನುವ ಪಾಲಕರು ಇದನ್ನು ಗಮನಿಸಬೇಕು. ಲಾರಿ, ಬಸ್ಸುಗಳ ಆ್ಯಕ್ಸಲ್‌ಗಳು ನಮ್ಮ ಮೈಸೂರಿನಲ್ಲೇ, ಮೆರಿಟರ್ ಪಾಲುದಾರಿಕೆಯ ಆಟೋಮೋಟಿವ್ ಆ್ಯಕ್ಸಲ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಕೈಪಿಡಿ ಓದಿ, ಲೆಕ್ಕ ಹಾಕಿ, ಅಂಕಿ ಹೊಂದುವವರೆಗೆ ಬಿಡದೆ ದುಡಿಯುವ ತಾಳ್ಮೆ ಇದ್ದವರಿಗೇ ಈ ಕೆಲಸ ಒಲಿಯುತ್ತದೆ. ಅದೂ ಓದೇ ಅಲ್ಲವೇ?